ಸರ್ಕಾರಿ ಯೋಜನೆಯನ್ನು ಅಳೆದು ನೋಡುವುದು ಹೇಗೆ? ನೀತಿ ವಿಶ್ಲೇಷಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿ ಸದಸ್ಯರು, ಪದವಿ ವಿದ್ಯಾರ್ಥಿಗಳು, ವರದಿಗಾರಿಕೆಗೆ ಹೊಸದಾಗಿ ಬಂದವರು ಇವರ ಜೊತೆ ಕುಳಿತು ಸರ್ಕಾರಿ ಆದೇಶಗಳನ್ನೂ ಬಜೆಟ್ ಪುಸ್ತಕಗಳನ್ನೂ ಓದುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಸುತ್ತಿ ಬಳಸಿ ಅವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಊಟದ ಬಿಡುವಿನಲ್ಲಿ ಕೇಳಿದವು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗಳು ಬಹುಪಾಲು ಕರ್ನಾಟಕದವು. ನಾವು ದಿನವೂ ಕಾಣುವ ಬಸ್ಸು, ಪಡಿತರ ಅಂಗಡಿ, ಕರೆಂಟ್ ಬಿಲ್ಲುಗಳ ಮೇಲೆ ಅಭ್ಯಾಸ ಮಾಡಿದರೆ ಈ ವಿದ್ಯೆ ಬೇಗ ಕೈಗೆ ಹತ್ತುತ್ತದೆ.

## ಆರಂಭದ ಪ್ರಶ್ನೆಗಳು

ನೀತಿ ವಿಶ್ಲೇಷಣೆ ಎಂದರೆ ಸರ್ಕಾರದ ಯೋಜನೆಯಲ್ಲಿ ತಪ್ಪು ಹುಡುಕುವುದೇ?

ಅಲ್ಲ. ಒಂದು ಸಮಸ್ಯೆ ಇದೆ, ಅದಕ್ಕೆ ಎರಡು ಮೂರು ದಾರಿಗಳಿವೆ. ಪ್ರತಿ ದಾರಿಯಲ್ಲಿ ಯಾರಿಗೆ ಎಷ್ಟು ಸಿಗುತ್ತದೆ, ಯಾರ ಜೇಬಿನಿಂದ ಎಷ್ಟು ಹೋಗುತ್ತದೆ, ಅದನ್ನು ಜಾರಿಗೆ ತರುವ ಶಕ್ತಿ ನಮ್ಮ ಕಚೇರಿಗಳಿಗೆ ಇದೆಯೇ ಎಂದು ಆಧಾರ ಹಿಡಿದು ಹೋಲಿಸುವುದೇ ಈ ಕೆಲಸ. ಇದರ ಜೀವ ಇರುವುದು ಹೋಲಿಕೆಯಲ್ಲಿ. ಯಾರಾದರೂ "ಈ ಯೋಜನೆ ಒಳ್ಳೆಯದು" ಅಥವಾ "ಕೆಟ್ಟದ್ದು" ಎಂದ ಕೂಡಲೇ ನಮ್ಮ ಬಾಯಿಗೆ ಬರಬೇಕಾದ ಪ್ರಶ್ನೆ ಒಂದೇ: ಯಾವುದಕ್ಕೆ ಹೋಲಿಸಿದರೆ? ಈ ಪುಟದಲ್ಲಿ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ.

ನಮಗೆ ಇಷ್ಟವಾದ ಪಕ್ಷ ತಂದ ಯೋಜನೆಗೂ ಇಷ್ಟವಿಲ್ಲದ ಪಕ್ಷ ತಂದ ಯೋಜನೆಗೂ ಒಂದೇ ತಕ್ಕಡಿ ಹಿಡಿಯಬೇಕು. ಹೇಳುವುದು ಸುಲಭ, ಮಾಡುವುದು ಕಷ್ಟ. ಆದರೆ ಅದನ್ನು ಬಿಟ್ಟುಕೊಟ್ಟರೆ ಉಳಿಯುವುದು ಬರೀ ಭಾಷಣ.

ನಾನು ಕಲಾ ವಿಭಾಗದವಳು, ಗಣಿತವೆಂದರೆ ಭಯ. ಇದು ನನಗೆ ಸಾಧ್ಯವೇ?

ಖಂಡಿತ ಸಾಧ್ಯ. ಕೂಡುವುದು, ಕಳೆಯುವುದು, ಶೇಕಡಾವಾರು ತೆಗೆಯುವುದು, ಒಂದು ಪಟ್ಟಿಯನ್ನು ತಾಳ್ಮೆಯಿಂದ ಓದುವುದು ಇಷ್ಟರಲ್ಲೇ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಸಂಖ್ಯಾಶಾಸ್ತ್ರವನ್ನು ಆಮೇಲೆ ಕಲಿಯಬಹುದು. ಜನರ ಮಾತು ಕೇಳಿಸಿಕೊಳ್ಳುವ ಗುಣವನ್ನು ಮಾತ್ರ ಯಾವ ತರಗತಿಯೂ ಕಲಿಸಿಕೊಡಲಾರದು.

ಒಂದು ಯೋಜನೆ ಕೈಗೆ ಬಂದರೆ ಮೊದಲು ಏನನ್ನು ನೋಡಬೇಕು?

ಅದು ಯಾವ ಸಮಸ್ಯೆಗೆ ಉತ್ತರವಾಗಿ ಬಂದಿದೆ ಎಂಬುದನ್ನು. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಹೆಚ್ಚಿನವರು ಎಡವುವುದೂ ಇಲ್ಲೇ.

ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಇದು ಯಾವ ಸಮಸ್ಯೆಗೆ ಮದ್ದು? ಒಬ್ಬರು "ಬಡ ಮಹಿಳೆಯ ಕೈಯಲ್ಲಿ ಹಣವಿಲ್ಲ" ಎನ್ನುತ್ತಾರೆ. ಮತ್ತೊಬ್ಬರು "ಪಟ್ಟಣಕ್ಕೆ ಹೋಗಲು ಗಂಡನ ಹತ್ತಿರ ದುಡ್ಡು ಕೇಳಬೇಕಾಗಿದೆ" ಎನ್ನುತ್ತಾರೆ. ಮೂರನೆಯವರು "ಹೆಣ್ಣುಮಕ್ಕಳು ದೂರದ ಕೆಲಸ ಹಿಡಿಯುವುದಿಲ್ಲ" ಎನ್ನುತ್ತಾರೆ. ಮೂರೂ ಬೇರೆ ಬೇರೆ ಸಮಸ್ಯೆಗಳು, ಮೂರಕ್ಕೂ ಅಳತೆಗೋಲು ಬೇರೆ. ಮೊದಲನೆಯದಕ್ಕೆ ಉಳಿದ ರೂಪಾಯಿಯನ್ನು ಎಣಿಸಬೇಕು. ಎರಡನೆಯದಕ್ಕೆ ಆಕೆ ಯಾರನ್ನೂ ಕೇಳದೆ ಹೊರಟ ಪ್ರಯಾಣಗಳನ್ನು ಎಣಿಸಬೇಕು. ಮೂರನೆಯದಕ್ಕೆ ಉದ್ಯೋಗದ ಅಂಕಿಅಂಶ ಬೇಕು. ದಿನಕ್ಕೆ ಎರಡೇ ಬಸ್ ಬರುವ ಊರಿನಲ್ಲಂತೂ ಟಿಕೆಟ್ ದರ ಮುಖ್ಯ ಸಮಸ್ಯೆಯೇ ಅಲ್ಲ. ಅಲ್ಲಿನ ಕೊರತೆ ಬಸ್ಸಿನದು.

ಸಮಸ್ಯೆಯನ್ನು ಬರೆಯುವಾಗ ಪರಿಹಾರವನ್ನು ಅದರೊಳಗೆ ಬಚ್ಚಿಡಬೇಡಿ. "ಊರಿಗೆ ಶುದ್ಧ ನೀರಿನ ಘಟಕ ಇಲ್ಲ" ಎಂದು ಬರೆದರೆ ಉತ್ತರ ಆಗಲೇ ನಿರ್ಧಾರವಾಗಿಬಿಟ್ಟಿದೆ. "ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ" ಎಂದು ಬರೆಯಿರಿ. ಆಗ ಘಟಕ, ನದಿ ನೀರು, ಮಳೆನೀರು ಸಂಗ್ರಹ ಮೂರೂ ಸ್ಪರ್ಧೆಯಲ್ಲಿ ಉಳಿಯುತ್ತವೆ.

## ಮೂಲ ಪರಿಕಲ್ಪನೆಗಳು

ಯಾವುದೂ ಉಚಿತವಲ್ಲ ಎನ್ನುತ್ತಾರೆ. ಹಾಗಾದರೆ ಉಚಿತ ಬಸ್ ಪ್ರಯಾಣದ ನಿಜವಾದ ಖರ್ಚು ಎಷ್ಟು?

ಈ ಪ್ರಶ್ನೆ ಕೇಳಿದವರಿಗೆ ನಾನು ಒಂದು ಬಸ್ಸಿನೊಳಗೆ ಕುಳಿತಿರುವಂತೆ ಕಲ್ಪಿಸಿಕೊಳ್ಳಲು ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದು ಗಂಟೆ, ಅರ್ಧ ಬಸ್ ಖಾಲಿ. ನಡುವಿನ ಸ್ಟಾಪಿನಲ್ಲಿ ತರಕಾರಿ ಬುಟ್ಟಿ ಹಿಡಿದ ಮಹಿಳೆಯೊಬ್ಬರು ಹತ್ತುತ್ತಾರೆ. ನಿರ್ವಾಹಕ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಆ ಟಿಕೆಟ್ಟಿನ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಈಗ ಹೇಳಿ, ಆ ಪ್ರಯಾಣಕ್ಕಾಗಿ ನಾಡಿನ ಸಂಪನ್ಮೂಲ ಎಷ್ಟು ಹೆಚ್ಚು ಖರ್ಚಾಯಿತು? ಡೀಸೆಲ್ ಹೇಗೂ ಉರಿಯುತ್ತಿತ್ತು, ಚಾಲಕರ ಸಂಬಳ ಹೇಗೂ ಕೊಡಬೇಕಿತ್ತು. ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಖಜಾನೆಯಿಂದ ಹೋದ ದುಡ್ಡು ಇಲ್ಲಿ ಒಂದು ಜೇಬಿನಿಂದ ಇನ್ನೊಂದಕ್ಕೆ ದಾಟಿದೆ, ಅಷ್ಟೆ. ಇದನ್ನು ವರ್ಗಾವಣೆ ಎನ್ನುತ್ತೇವೆ.

ಅದೇ ಬಸ್ಸನ್ನು ಬೆಳಿಗ್ಗೆ ಎಂಟೂವರೆಗೆ ನೋಡಿ. ಮೆಟ್ಟಿಲ ಮೇಲೂ ಜನ. ಶಾಲೆಗೆ ಹೋಗುವ ಹುಡುಗ ಹತ್ತಲಾರದೆ ಮುಂದಿನ ಬಸ್ಸಿಗೆ ನಲವತ್ತು ನಿಮಿಷ ಕಾಯುತ್ತಾನೆ. ಇಲ್ಲಿ ಪ್ರತಿ ಹೊಸ ಪ್ರಯಾಣಕ್ಕೂ ನಿಜವಾದ ವೆಚ್ಚವಿದೆ: ಹೊಸ ಬಸ್ಸು, ಹೊಸ ಚಾಲಕ, ಕಾದವರ ಸಮಯ. ಇವು ಯಾವುವೂ ಶೂನ್ಯ ಟಿಕೆಟ್ಟಿನ ಮೊತ್ತದಲ್ಲಿ ಕಾಣಿಸುವುದಿಲ್ಲ. ಟಿಕೆಟ್ ಮೌಲ್ಯವನ್ನೇ ವೆಚ್ಚವೆಂದುಕೊಂಡವರು ಹನ್ನೊಂದು ಗಂಟೆಯ ಬಸ್ಸಿನಲ್ಲಿ ವೆಚ್ಚವನ್ನು ಹೆಚ್ಚಾಗಿ ಕಾಣುತ್ತಾರೆ, ಎಂಟೂವರೆಯ ಬಸ್ಸಿನಲ್ಲಿ ಕಡಿಮೆಯಾಗಿ ಕಾಣುತ್ತಾರೆ.

ಇದರ ಜೊತೆಗೆ ಅವಕಾಶ ವೆಚ್ಚ ಎಂಬುದೊಂದಿದೆ. ಒಂದು ಕಡೆ ಇಟ್ಟ ರೂಪಾಯಿ ಇನ್ನೊಂದು ಕಡೆ ಮಾಡಬಹುದಾಗಿದ್ದ ಕೆಲಸವೇ ಆ ರೂಪಾಯಿಯ ಬೆಲೆ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ಇಷ್ಟನ್ನೇ ಹೇಳಿ ಹೆಚ್ಚಾಯಿತು ಅಥವಾ ಸರಿಯಾಯಿತು ಎಂದು ತೀರ್ಪು ಕೊಡಲು ಬರುವುದಿಲ್ಲ. ಅದೇ ಹಣದಲ್ಲಿ ಇನ್ನೇನು ಆಗುತ್ತಿತ್ತು, ಅದು ಯಾರಿಗೆ ತಲುಪುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟಾಗ ಮಾತ್ರ ಆ ಅಂಕಿ ಮಾತಾಡುತ್ತದೆ.

ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟರೆ ಆಗುವುದಿಲ್ಲವೇ? ಸರ್ಕಾರ ಏಕೆ ಕೈ ಹಾಕಬೇಕು?

ಬಯಲುಸೀಮೆಯ ರೈತರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ. ಪಕ್ಕದ ಹೊಲದವನು ಸಾವಿರ ಅಡಿ ಕೊರೆಸಿದರೆ ನಮ್ಮ ಆರುನೂರು ಅಡಿಯ ಕೊಳವೆಬಾವಿ ಬೇಸಿಗೆಗೆ ಮೊದಲೇ ಬತ್ತುತ್ತದೆ. ಅವನು ಕೊರೆಸಿದ್ದಕ್ಕೆ ಅವನ ದುಡ್ಡು ಕೊಟ್ಟಿದ್ದಾನೆ. ನಮಗಾದ ನಷ್ಟ ಮಾತ್ರ ಅವನ ಲೆಕ್ಕದಲ್ಲಿ ಎಲ್ಲೂ ಇಲ್ಲ. ಇಬ್ಬರ ನಡುವಿನ ವ್ಯವಹಾರದ ಬಿಸಿ ಮೂರನೆಯವನಿಗೆ ತಟ್ಟುವುದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಅಂತರ್ಜಲದಂಥ ಹಂಚಿಕೆಯ ಸಂಪತ್ತಿನಲ್ಲಿ ಅದು ಎಲ್ಲರನ್ನೂ ಸುಡುತ್ತದೆ.

ಹಾಗೆಂದು ಸರ್ಕಾರ ಕೈ ಹಾಕಿದ ಮಾತ್ರಕ್ಕೆ ಸರಿಹೋಗುತ್ತದೆ ಎನ್ನಲಾಗದು. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ರೈತನ ಕಷ್ಟಕ್ಕೆ ಆಸರೆಯಾಗಿ ಬಂದ ಈ ಕ್ರಮವೇ ಒಂದು ಲೀಟರ್ ಹೆಚ್ಚು ನೀರೆತ್ತುವ ಖರ್ಚನ್ನು ಸೊನ್ನೆಗೆ ಇಳಿಸಿತು. ಮಾರುಕಟ್ಟೆ ಎಡವಿದ ಜಾಗದಲ್ಲಿ ಸರ್ಕಾರವೂ ಎಡವಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ವಿಶ್ಲೇಷಕರ ಕೆಲಸ. ಮೂರನೆಯ ದಾರಿಯೂ ಇದೆ: ಬಳಕೆದಾರರು ತಾವೇ ನಿಯಮ ಮಾಡಿಕೊಂಡು ಪಾಲಿಸುವುದು. ಇಂಥ ವ್ಯವಸ್ಥೆಗಳನ್ನು ಜಗತ್ತಿನ ಹಲವೆಡೆ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೆರೆಯ ನೀರನ್ನು ಹೊಲಗಳಿಗೆ ಸರದಿಯಂತೆ ಹಂಚುವ ನಮ್ಮ ನೀರುಗಂಟಿ ಪದ್ಧತಿಯನ್ನು ಬಲ್ಲವರಿಗೆ ಅವರ ಮಾತು ಹೊಸದೆನಿಸದು.

ಸೌಲಭ್ಯವನ್ನು ಎಲ್ಲರಿಗೂ ಕೊಡಬೇಕೋ, ಬಡವರಿಗೆ ಮಾತ್ರವೋ?

ಬಡವರಿಗೆ ಮಾತ್ರ ಎನ್ನುವುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬಡವರನ್ನು ಗುರುತಿಸುವವರು ಯಾರು, ಹೇಗೆ? ಯಾವ ಜರಡಿ ಹಿಡಿದರೂ ಎರಡು ಬಗೆಯ ತಪ್ಪು ಆಗಿಯೇ ಆಗುತ್ತದೆ. ಅರ್ಹರಲ್ಲದವರು ಒಳಗೆ ನುಸುಳುವುದು ಒಂದು, ಅರ್ಹರು ಹೊರಗೆ ಉಳಿಯುವುದು ಇನ್ನೊಂದು. ಜರಡಿಯ ಕಣ್ಣು ಸಣ್ಣದು ಮಾಡಿದರೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ.

ಒಮ್ಮೆ ಪಡಿತರ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಅಜ್ಜಿ ಜೀವನವಿಡೀ ಕಳೆ ಕಿತ್ತವರು. ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಗುರುತು ಹಿಡಿಯಲಿಲ್ಲ. ಸೆರಗಿಗೆ ಒರೆಸಿ ಇಟ್ಟರು, ಇನ್ನೊಂದು ಬೆರಳು ಇಟ್ಟರು, ನೀರು ಮುಟ್ಟಿಸಿ ಇಟ್ಟರು. ಏಳನೆಯ ಸಲಕ್ಕೆ ಯಂತ್ರ ಒಪ್ಪಿತು. ಒಪ್ಪದೇ ಹೋಗಿದ್ದರೆ ಅವರು ನಾಳೆ ಮತ್ತೆ ಕೂಲಿ ಬಿಟ್ಟು ಬರಬೇಕಿತ್ತು. ಅನರ್ಹರೊಬ್ಬರು ಅಕ್ಕಿ ಪಡೆದರೆ ಖಜಾನೆಗೆ ಕೆಲವು ರೂಪಾಯಿ ನಷ್ಟ. ಈ ಅಜ್ಜಿ ಬರಿಗೈಯಲ್ಲಿ ಹೋದರೆ ಒಂದು ಮನೆಯ ಒಲೆ ಉರಿಯುವುದಿಲ್ಲ. ಎರಡು ತಪ್ಪುಗಳ ತೂಕ ಒಂದೇ ಅಲ್ಲ ಎನ್ನುವುದು ನನ್ನ ಗಟ್ಟಿ ನಿಲುವು. ಅನ್ನದಂಥ ವಿಷಯದಲ್ಲಿ ಜರಡಿಯ ಕಣ್ಣು ದೊಡ್ಡದಾಗಿರುವುದೇ ಲೇಸು. ಸಣ್ಣ ಉದ್ದಿಮೆಗೆ ಕೊಡುವ ಬಡ್ಡಿ ಸಹಾಯಧನಕ್ಕೆ ಇದೇ ಉದಾರತೆ ಬೇಕಿಲ್ಲ.

ಅಕ್ಕಿ ಕೊಡುವುದು ಒಳ್ಳೆಯದೋ, ಅದರ ಬದಲು ದುಡ್ಡು ಹಾಕುವುದೋ?

ಕರ್ನಾಟಕ ಇದನ್ನು ಎರಡೂ ರೀತಿಯಲ್ಲಿ ನೋಡಿದೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಗೆ ಬೇಕಾದ ಅಕ್ಕಿ ಕೇಂದ್ರದ ದಾಸ್ತಾನಿನಿಂದ ಖರೀದಿಗೆ ಸಿಗಲಿಲ್ಲ. ಆಗ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ ತಿಂಗಳಿಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕತೊಡಗಿತು. 2025ರ ಫೆಬ್ರುವರಿಯಿಂದ ಹಣ ನಿಲ್ಲಿಸಿ ಮತ್ತೆ ಅಕ್ಕಿ ಕೊಡಲು ಶುರು ಮಾಡಿತು.

ದುಡ್ಡಿನ ಪರವಾಗಿ ಹೇಳಬಹುದಾದದ್ದು: ಮನೆಗೆ ಬೇಕಾದುದನ್ನು ಮನೆಯವರೇ ಆರಿಸುತ್ತಾರೆ. ರಾಗಿ ಉಣ್ಣುವವರು ರಾಗಿ ಕೊಳ್ಳುತ್ತಾರೆ. ಸಾಗಾಟ, ಗೋದಾಮು, ಸೋರಿಕೆಯ ಖರ್ಚೂ ಇಲ್ಲ. ಅಕ್ಕಿಯ ಪರವಾಗಿ ಹೇಳಬಹುದಾದದ್ದು: ಅಂಗಡಿಯಲ್ಲಿ ಬೆಲೆ ಏರಿದರೆ 170 ರೂಪಾಯಿಗೆ 5 ಕೆಜಿ ಬರುವುದಿಲ್ಲ, ಆದರೆ ಚೀಲದಲ್ಲಿರುವ 5 ಕೆಜಿ 5 ಕೆಜಿಯಾಗಿಯೇ ಇರುತ್ತದೆ. ಬ್ಯಾಂಕ್ ಹತ್ತು ಮೈಲಿ ದೂರವಿದ್ದರೆ ದುಡ್ಡು ತರಲು ಒಂದು ದಿನದ ಕೂಲಿ ಹೋಗುತ್ತದೆ. ಮನೆಯೊಳಗೆ ಅಕ್ಕಿ ಅಡುಗೆಮನೆಗೆ ಹೋಗುತ್ತದೆ, ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹತ್ತಿರದಲ್ಲಿ ಮಾರುಕಟ್ಟೆ ಮತ್ತು ಬ್ಯಾಂಕ್ ಇರುವ ಊರಿಗೆ ಒಂದು ಉತ್ತರ, ಎರಡೂ ಇಲ್ಲದ ಆದಿವಾಸಿ ಹಾಡಿಗೆ ಇನ್ನೊಂದು ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಗೃಹಜ್ಯೋತಿಗೆ 200 ಯೂನಿಟ್ ಮಿತಿ ಇಟ್ಟಿದ್ದಾರಲ್ಲ, ಮಿತಿ ಇಡುವುದರಲ್ಲಿ ಏನು ಸೂಕ್ಷ್ಮ?

ತುಂಬಾ ಇದೆ. ನಿಯಮ ಜನರ ನಡತೆಯನ್ನು ಹೇಗೆ ತಿದ್ದುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ನಿಯಮ ಹೀಗಿತ್ತು: 2022–23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಬಂದ ಪ್ರಮಾಣದವರೆಗೆ ಬಿಲ್ ಇಲ್ಲ. ಅದನ್ನು ಮೀರಿ 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು.

ಹಿಂದಿನ ಸರಾಸರಿ 190 ಇದ್ದ ಮನೆಯನ್ನು ನೋಡಿ. 199ಕ್ಕೆ ಸೊನ್ನೆ ಬಿಲ್ಲು, 201ಕ್ಕೆ ಇಡೀ 201 ಯೂನಿಟ್ಟಿನ ಬಿಲ್ಲು. ಎರಡು ಯೂನಿಟ್ಟಿಗೆ ಸಾವಿರಕ್ಕೂ ಮಿಕ್ಕಿದ ದಂಡ. ಇಂಥ ಕಡಿದಾದ ಅಂಚನ್ನು ನಾನು ಪ್ರಪಾತ ಎಂದು ಕರೆಯುತ್ತೇನೆ. ತಿಂಗಳ ಕೊನೆಯ ವಾರ ನಮ್ಮ ಓಣಿಯ ಒಬ್ಬರು ದಿನವೂ ಟಾರ್ಚ್ ಹಿಡಿದು ಮೀಟರ್ ನೋಡುತ್ತಿದ್ದುದನ್ನು ಕಂಡಿದ್ದೇನೆ. ಮಿಕ್ಸಿ ಹಾಕಲೋ ಬೇಡವೋ ಎಂದು ಮನೆಯಲ್ಲಿ ಚರ್ಚೆ. ಉಳಿತಾಯ ಒಳ್ಳೆಯದೇ. ಆದರೆ ಅಂಚಿನಿಂದ ದೂರವಿರುವ ಮನೆಗೆ ಆ ಎಚ್ಚರ ಹುಟ್ಟುವುದೇ ಇಲ್ಲ.

ಶೇಕಡಾ ಲೆಕ್ಕದಲ್ಲೂ ಒಂದು ಕೊಂಕಿದೆ. 40 ಯೂನಿಟ್ ಬಳಸುವ ಬಡಮನೆಗೆ ಶೇ 10 ಎಂದರೆ 4 ಯೂನಿಟ್, 150 ಬಳಸುವ ಮನೆಗೆ 15. ಹೊಸದಾಗಿ ಫ್ಯಾನ್ ಕೊಂಡ ಬಡವರಿಗೆ ಸಿಗುವ ಅವಕಾಶವೇ ಕಡಿಮೆ. 2024ರ ಆರಂಭದಲ್ಲಿ ಸರ್ಕಾರ ಇದನ್ನು ತಿದ್ದಿ, 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಎಂದು ಮಾಡಿತು. ಆದೇಶದ ಒಂದು ಸಾಲಿನ ಬದಲಾವಣೆ ಎಷ್ಟೋ ಮನೆಗಳ ಬಿಲ್ಲನ್ನು ಬದಲಿಸಿತು. ಅದಕ್ಕಾಗಿಯೇ ಸರ್ಕಾರಿ ಆದೇಶವನ್ನು ಪೂರ್ತಿ ಓದಿ ಎಂದು ಪ್ರತಿ ತರಗತಿಯಲ್ಲೂ ಬೇಡಿಕೊಳ್ಳುತ್ತೇನೆ.

## ಕೈ ಪಳಗಿಸುವ ಪ್ರಶ್ನೆಗಳು

ಯೋಜನೆ ಬಂದ ಮೇಲೆ ಸಂಖ್ಯೆ ಏರಿದೆ. ಅದು ಗೆದ್ದಿದೆ ಎನ್ನಲು ಇಷ್ಟು ಸಾಲದೇ?

ಸಾಲದು. ಯೋಜನೆ ಇಲ್ಲದಿದ್ದರೂ ಆ ಸಂಖ್ಯೆ ಏರುತ್ತಿತ್ತೇ? ನಡೆಯದೇ ಉಳಿದ ಆ ಇನ್ನೊಂದು ಕಥೆಯನ್ನು ಊಹಿಸುವುದೇ ಮೌಲ್ಯಮಾಪನದ ಅತಿ ಕಷ್ಟದ ಭಾಗ.

ಬಿಹಾರದ ಸೈಕಲ್ ಯೋಜನೆ ಇದಕ್ಕೆ ಚಂದದ ಉದಾಹರಣೆ. 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಅಲ್ಲಿ ಶುರುವಾಯಿತು. ದಾಖಲಾತಿ ಏರಿತು. ಆದರೆ ಆ ವರ್ಷಗಳಲ್ಲಿ ಬಿಹಾರದ ಆದಾಯವೂ ಏರುತ್ತಿತ್ತು, ರಸ್ತೆಗಳೂ ಆಗುತ್ತಿದ್ದವು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಏನು ಮಾಡಿದರೆಂದರೆ, ಬಿಹಾರದ ಹುಡುಗಿಯರ ಏರಿಕೆಯಿಂದ ಸೈಕಲ್ ಸಿಗದ ಬಿಹಾರದ ಹುಡುಗರ ಏರಿಕೆಯನ್ನು ಕಳೆದರು. ಎಲ್ಲ ಕಡೆ ಹುಡುಗಿಯರು ಹುಡುಗರಿಗಿಂತ ವೇಗವಾಗಿ ಶಾಲೆ ಸೇರುತ್ತಿರಬಹುದಲ್ಲ ಎಂಬ ಅನುಮಾನಕ್ಕೆ, ಪಕ್ಕದ ಜಾರ್ಖಂಡ್‌ನಲ್ಲಿ ಇದೇ ಅಂತರ ಎಷ್ಟು ಬದಲಾಯಿತೆಂದು ನೋಡಿ ಅದನ್ನೂ ಕಳೆದರು. ಕೊನೆಗೂ ಉಳಿದದ್ದು ಸೈಕಲ್ಲಿನ ಪಾಲು. ಪ್ರೌಢಶಾಲೆ ದೂರವಿದ್ದ ಊರುಗಳಲ್ಲಿ ಪರಿಣಾಮ ಹೆಚ್ಚು ಎಂದು ಕಂಡಾಗ ನಂಬಿಕೆ ಇನ್ನೂ ಬಲವಾಯಿತು, ಏಕೆಂದರೆ ಸೈಕಲ್ ಕೆಲಸ ಮಾಡಬೇಕಾದದ್ದು ಅಲ್ಲೇ.

ನಮ್ಮಲ್ಲೂ ಇಂಥ ಹೋಲಿಕೆಗೆ ಅವಕಾಶಗಳು ತಾವಾಗಿಯೇ ಬರುತ್ತವೆ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ. ಉಳಿದ ಜಿಲ್ಲೆಗಳಿಗೆ ಅದು ಬಂದದ್ದು ನಂತರ. ಆ ನಡುವಿನ ತಿಂಗಳುಗಳು ಮಕ್ಕಳ ತೂಕ ಎತ್ತರಗಳನ್ನು ಗಡಿಯ ಆಚೆ ಈಚೆ ಹೋಲಿಸಲು ಸಿಕ್ಕ ಅಮೂಲ್ಯ ಕಾಲ. ಹಂತ ಹಂತವಾಗಿ ಬರುವ ಯೋಜನೆ ಕಂಡಾಗಲೆಲ್ಲ ಮೊದಲ ದಿನವೇ ಅಳತೆ ಹಿಡಿದು ಹೊರಡಿ.

ಜಿಲ್ಲೆಯ ಸರಾಸರಿ ಚೆನ್ನಾಗಿದೆ, ಆದರೆ ನಮ್ಮ ತಾಲ್ಲೂಕಿನ ಕಷ್ಟ ಹಾಗೆಯೇ ಇದೆ. ಅಂಕಿ ಸುಳ್ಳೇ?

ಅಂಕಿ ಸುಳ್ಳಲ್ಲ, ಸರಾಸರಿ ನಿಮ್ಮ ಕಷ್ಟವನ್ನು ಮುಚ್ಚಿದೆ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಜಿಲ್ಲೆಗಳ ಬದಲು ತಾಲ್ಲೂಕುಗಳನ್ನು ಅಳೆಯಿತು. 35 ಸೂಚಕಗಳನ್ನು ಸೇರಿಸಿ ಒಂದು ಸೂಚ್ಯಂಕ ಕಟ್ಟಿ, 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಉತ್ತರ ಕರ್ನಾಟಕದ ಪಾಲು ದೊಡ್ಡದು ಎಂಬುದು ನಿರೀಕ್ಷಿತವೇ. ಆದರೆ ಆ 39ರಲ್ಲಿ 13 ದಕ್ಷಿಣ ಕರ್ನಾಟಕದಲ್ಲಿದ್ದವು. ಜಿಲ್ಲೆ ಜಿಲ್ಲೆಯಾಗಿ ನೋಡಿದ್ದರೆ ಅವು ಕಣ್ಣಿಗೆ ಬೀಳುತ್ತಿರಲಿಲ್ಲ. ಯಾವುದೇ ಸೂಚ್ಯಂಕ ನೋಡಿದಾಗ ಅದರೊಳಗೆ ಏನೇನು ಸೇರಿಸಿದ್ದಾರೆ, ಯಾವುದಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ ಎಂದು ಕೇಳಿ. ತೂಕ ಬದಲಾದರೆ ಪಟ್ಟಿಯೂ ಬದಲಾಗುತ್ತದೆ.

ಬಜೆಟ್ ಪುಸ್ತಕ ತೆರೆದರೆ ತಲೆ ಸುತ್ತುತ್ತದೆ. ಎಲ್ಲಿಂದ ಶುರು ಮಾಡಲಿ?

ಒಂದೇ ಇಲಾಖೆ, ಒಂದೇ ಯೋಜನೆ ಹಿಡಿಯಿರಿ. ಒಂದು ಸಾಲಿನಲ್ಲಿ ಹಲವು ಅಂಕಣಗಳಿರುತ್ತವೆ: ಹಿಂದಿನ ವರ್ಷದ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಆಯವ್ಯಯ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಪತ್ರಿಕೆಯ ತಲೆಬರಹಕ್ಕೆ ಬರುವುದು ಕೊನೆಯದು. ನಿಮ್ಮ ಬೆರಳು ಮೊದಲು ಹೋಗಬೇಕಾದದ್ದು ವಾಸ್ತವ ಲೆಕ್ಕಕ್ಕೆ. ನೂರು ಕೋಟಿ ಘೋಷಿಸಿ ನಲವತ್ತು ಖರ್ಚಾಗಿದ್ದರೆ, ಈ ವರ್ಷದ ನೂರಿಪ್ಪತ್ತನ್ನು ಅದೇ ಕಣ್ಣಿನಿಂದ ಓದಬೇಕು. ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನೂ ಮಹಾಲೇಖಪಾಲರ ವರದಿಗಳನ್ನೂ ನೋಡಿ.

ಇನ್ನೂ ಬೇಕಾದರೆ ಮಾಹಿತಿ ಹಕ್ಕು ಇದೆ: 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. "ಯೋಜನೆಯ ಸಮಗ್ರ ಮಾಹಿತಿ ಕೊಡಿ" ಎಂದರೆ ಏನೂ ಬಾರದು. "ಇಂಥ ತಾಲ್ಲೂಕಿನಲ್ಲಿ ಇಂಥ ವರ್ಷ ತಿಂಗಳುವಾರು ಬಿಡುಗಡೆಯಾದ ಮೊತ್ತ" ಎಂದು ಕೇಳಿ.

ಕಾಗದದಲ್ಲಿ ಅಷ್ಟು ಚೆನ್ನಾಗಿದ್ದ ಯೋಜನೆ ಊರಿಗೆ ಬರುವಾಗ ಏಕೆ ಸೊರಗುತ್ತದೆ?

ಕಾಗದ ಬರೆದವರು ಕೌಂಟರಿನ ಎದುರು ನಿಂತಿರುವುದಿಲ್ಲ. ಸಕಾಲ ಯೋಜನೆಯನ್ನು ನೋಡಿ. 2011ರ ಕಾಯ್ದೆಯ ಬಲದಲ್ಲಿ 2012ರ ಏಪ್ರಿಲ್‌ನಲ್ಲಿ ಬಂದದ್ದು. ಸೇವೆಗೆ ಗಡುವಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಕಲ್ಪನೆ ಸೊಗಸಾದದ್ದು. ಆದರೆ ಗಡಿಯಾರ ಓಡಲು ಶುರುವಾಗುವುದು ಅರ್ಜಿಗೆ ಸಂಖ್ಯೆ ಸಿಕ್ಕ ಮೇಲೆ. ಒಂದು ಕಚೇರಿಯಲ್ಲಿ ನನಗೆ ಹೇಳಿದ್ದು ಹೀಗೆ: "ಅರ್ಜಿ ಇಟ್ಟು ಹೋಗಿ, ದಾಖಲೆ ನೋಡಿ ಆಮೇಲೆ ನಂಬರ್ ಹಾಕುತ್ತೇವೆ." ಹನ್ನೆರಡು ದಿನ ನನ್ನ ಅರ್ಜಿ ಮೇಜಿನ ಮೇಲಿತ್ತು. ಲೆಕ್ಕದಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಸಂಖ್ಯೆ ಬಿದ್ದ ಮೂರನೆಯ ದಿನ ಕೆಲಸವಾಯಿತು. ಕಡತದಲ್ಲಿ ಅದು ಗಡುವಿನೊಳಗೆ ಮುಗಿದ ಅರ್ಜಿ.

ಒಂದು ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇದು. ಆ ಗುಮಾಸ್ತರನ್ನು ನಾನು ದೂರಲಾರೆ. ಅವರ ಮೇಲಿನವರು ಕೇಳುತ್ತಿದ್ದುದು ಗಡುವಿನ ಶೇಕಡಾವಾರನ್ನು ಮಾತ್ರ.

ವಿನ್ಯಾಸ ಸರಿಯಾಗಿ ಕೂತ ಉದಾಹರಣೆಯೂ ನಮ್ಮಲ್ಲೇ ಇದೆ. ಭೂಮಿ ಯೋಜನೆ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಕೊಡಲು ಶುರು ಮಾಡಿದಾಗ, ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದು ಮಾಡಿತು. ಹಳೆಯ ದಾರಿ ಮುಚ್ಚಿದ್ದರಿಂದ ಹೊಸ ದಾರಿಯಲ್ಲಿ ಎಲ್ಲರೂ ನಡೆದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ಹೋಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಿದ್ದರು. ಬಂದವರನ್ನು ಹಿಂದೆ ಮುಂದೆ ಮಾಡುವ ಅಧಿಕಾರ ಮೇಜಿನಿಂದ ಜಾರಿತು.

## ಆಳದ ಪ್ರಶ್ನೆಗಳು

ಲಾಭ ವೆಚ್ಚದ ಲೆಕ್ಕದಲ್ಲಿ ಆರೋಗ್ಯ, ಘನತೆ, ಮುಂದಿನ ಪೀಳಿಗೆ ಇವಕ್ಕೆಲ್ಲ ಬೆಲೆ ಕಟ್ಟುವುದು ಸರಿಯೇ?

ಬೆಲೆ ಕಟ್ಟದಿದ್ದರೆ ಅವು ಸೊನ್ನೆಯಾಗಿಬಿಡುವ ಅಪಾಯವಿದೆ. ಕಟ್ಟಿದರೆ ಕಟ್ಟಿದ ಅಂಕಿಯನ್ನೇ ಸತ್ಯವೆಂದು ನಂಬುವ ಅಪಾಯವಿದೆ. ನನ್ನ ರೂಢಿ ಇದು: ರೂಪಾಯಿಗೆ ಬರುವುದನ್ನು ರೂಪಾಯಿಯಲ್ಲಿ ಬರೆಯುತ್ತೇನೆ. ಬಾರದುದನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಮಾತಿನಲ್ಲಿ ಬರೆಯುತ್ತೇನೆ.

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯನ್ನು ಎತ್ತಿಕೊಳ್ಳಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು. ಅದನ್ನು ಕಂಡವರ ಸಂತೋಷ ಸುಳ್ಳಲ್ಲ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ಹೋರಾಟಗಾರರು ಎತ್ತುತ್ತಿರುವ ದನಿಯೂ ಸುಳ್ಳಲ್ಲ. ಇಂದಿನ ಬೆಳೆ ಕಣ್ಣಿಗೆ ಕಾಣುತ್ತದೆ. ಅಂತರ್ಜಲಕ್ಕೆ ಏನಾದರೂ ಸೇರಿದರೆ ಅದು ಗೊತ್ತಾಗುವುದು ಬಹಳ ವರ್ಷಗಳ ನಂತರ.

ಮುಂದಿನದನ್ನು ಇಂದಿನ ಬೆಲೆಗೆ ಇಳಿಸುವ ದರ ಇಲ್ಲಿ ನಿರ್ಣಾಯಕ. ಇಪ್ಪತ್ತು ವರ್ಷಗಳ ನಂತರದ 100 ರೂಪಾಯಿ ನಷ್ಟ, ಶೇ 8ರ ದರದಲ್ಲಿ ಇಂದು ಸುಮಾರು 21 ರೂಪಾಯಿಯಂತೆ ಕಾಣುತ್ತದೆ. ಶೇ 3ರ ದರದಲ್ಲಿ ಸುಮಾರು 55ರಂತೆ. ಶೇ 8 ಎಂದು ಬರೆದವರು ಮೊಮ್ಮಕ್ಕಳ ಆರೋಗ್ಯದ ತೂಕವನ್ನೂ ಅಲ್ಲೇ ಬರೆದಿದ್ದಾರೆ. ಹಾಗಾಗಿ ಎರಡೂ ದರದಲ್ಲಿ ಲೆಕ್ಕ ಹಾಕಿ ತೋರಿಸಿ. ಉತ್ತರ ತಿರುಗುಮುರುಗಾದರೆ ಅದನ್ನು ಮುಚ್ಚಿಡದೆ ಹೇಳಿ.

ಎಷ್ಟು ಒಳ್ಳೆಯ ವಿಶ್ಲೇಷಣೆ ಮಾಡಿದರೂ ರಾಜಕಾರಣಿಗಳು ಕೇಳುವುದಿಲ್ಲ. ಮತ್ತೇಕೆ ಈ ಶ್ರಮ?

ಅವರು ಕೇಳದಿರಲು ಹಲವೊಮ್ಮೆ ಕಾರಣವಿರುತ್ತದೆ. ಸುಧಾರಣೆಯ ನಷ್ಟ ಕೆಲವರ ಮೇಲೆ ಒಟ್ಟಾಗಿ ಬೀಳುತ್ತದೆ, ಅವರು ಕೂಗುತ್ತಾರೆ. ಲಾಭ ಲಕ್ಷಾಂತರ ಜನರಿಗೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ, ಯಾರೂ ಬೀದಿಗೆ ಬರುವುದಿಲ್ಲ. ಯಾರಿಗೆ ನೋವಾಗುತ್ತದೆ, ಅದನ್ನು ತುಂಬಿಕೊಡುವುದು ಹೇಗೆ ಎಂಬ ಪುಟವಿಲ್ಲದ ವರದಿಯನ್ನು ಅರ್ಧ ಮುಗಿದ ವರದಿ ಎಂದೇ ನಾನು ಎಣಿಸುತ್ತೇನೆ.

ಇನ್ನೊಂದು, ಕಾಲ ಕೂಡಿಬರಬೇಕು. ಪಂಚಾಯತಿಗಳಿಗೆ ಅಧಿಕಾರ ಕೊಡಬೇಕೆಂದು ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲೇ ಹೇಳಿತ್ತು, ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಮತ್ತೆ ಹೇಳಿತು. 1983ರಲ್ಲಿ ಕರ್ನಾಟಕದಲ್ಲಿ ಸರ್ಕಾರ ಬದಲಾಗಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ, ಅಬ್ದುಲ್ ನಜೀರ್ ಸಾಬ್ ಎಂಬ ಸಚಿವರು ಆ ಹಳೆಯ ಕಡತಗಳ ತಿರುಳನ್ನು ಕಾಯ್ದೆಯಾಗಿಸಿದರು. ಮಹಿಳೆಯರಿಗೆ ಶೇ 25 ಮೀಸಲಾತಿ ಸಹಿತ 1987ರಲ್ಲಿ ಚುನಾವಣೆಯೂ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಕುಡಿಯುವ ನೀರಿನ ಕೊಳವೆಬಾವಿಗಳಿಂದಾಗಿ ಹಳ್ಳಿಯವರು ನೀರ್ ಸಾಬ್ ಎಂದು ಕರೆದ ಆ ಸಚಿವರಿಗೆ ಬಾಗಿಲು ತೆರೆದಾಗ, ಅದಾಗಲೇ ಬರೆದಿಟ್ಟ ಕೆಲಸ ಕೈಗೆ ಸಿಕ್ಕಿತು. ಬರೆದಿಟ್ಟವರು ಇಲ್ಲದಿದ್ದರೆ ಸಿಗುತ್ತಿರಲಿಲ್ಲ.

ಕೊನೆಗೆ ಎರಡು ಪುಟದ ಟಿಪ್ಪಣಿ ಬರೆಯಬೇಕು. ಹೇಗೆ ಬರೆಯಲಿ?

ಮೊದಲ ಪ್ಯಾರಾದಲ್ಲೇ ಶಿಫಾರಸು ಇರಲಿ. ಓದುವ ಅಧಿಕಾರಿಗೆ ನಿಮ್ಮ ಪಯಣದ ಕಥೆ ಬೇಕಿಲ್ಲ, ಏನು ಮಾಡಬೇಕೆಂಬುದು ಬೇಕು. ನಂತರ ಸಮಸ್ಯೆಯನ್ನು ಒಂದು ಅಂಕಿ ಮತ್ತು ಒಬ್ಬ ವ್ಯಕ್ತಿಯ ಮೂಲಕ ತೋರಿಸಿ. ಮೂರು ಆಯ್ಕೆಗಳನ್ನು ಇಡಿ. ಅವುಗಳಲ್ಲಿ ಒಂದು, ಈಗಿರುವುದನ್ನು ಹಾಗೆಯೇ ಮುಂದುವರಿಸುವುದು. ಪ್ರತಿಯೊಂದಕ್ಕೂ ಖರ್ಚು, ಯಾರಿಗೆ ಲಾಭ, ಯಾರಿಗೆ ನಷ್ಟ, ಯಾವ ಕಚೇರಿಯ ಯಾವ ಸಿಬ್ಬಂದಿ ಇದನ್ನು ಮಾಡಬೇಕು ಎಂದು ಬರೆಯಿರಿ. ನೀವು ಬೇಡವೆಂದ ಆಯ್ಕೆಯ ಪರವಾದ ಅತ್ಯಂತ ಬಲವಾದ ವಾದವನ್ನು ಪ್ರಾಮಾಣಿಕವಾಗಿ ಬರೆಯಿರಿ. ಯಾವ ಮಾಹಿತಿ ಬಂದರೆ ನಿಮ್ಮ ಶಿಫಾರಸು ಬದಲಾಗುತ್ತದೆ ಎಂಬುದನ್ನೂ ಸೇರಿಸಿ.

ಬರೆದಾದ ಮೇಲೆ ಆ ಯೋಜನೆಯ ಫಲಾನುಭವಿಯೊಬ್ಬರ ಎದುರು ಕುಳಿತು ಕನ್ನಡದಲ್ಲಿ ಗಟ್ಟಿಯಾಗಿ ಓದಿ. ನನ್ನ ವಿದ್ಯಾರ್ಥಿನಿಯೊಬ್ಬಳು ಬಸ್ ಮಾರ್ಗಗಳ ಬಗ್ಗೆ ಬರೆದ ಟಿಪ್ಪಣಿಯನ್ನು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತನ್ನ ಚಿಕ್ಕಮ್ಮನಿಗೆ ಓದಿ ಹೇಳಿದಳು. ಚಿಕ್ಕಮ್ಮ ಪೂರ್ತಿ ಕೇಳಿ, "ಬೆಳಗಿನ ಬಸ್ಸನ್ನು ಚೆನ್ನಾಗಿ ಬರೆದಿದ್ದೀಯ. ರಾತ್ರಿ ಪಾಳಿ ಮುಗಿದ ಮೇಲೆ ನಾನು ಹೇಗೆ ಬರಲಿ?" ಎಂದರಂತೆ. ಅವಳು ಎರಡನೆಯ ಪುಟವನ್ನು ಮೊದಲಿನಿಂದ ಬರೆದಳು.